'ಡೇಟ್ ಇಲ್ಲ ಸಾ': ಕಲೆ ಸಮಾನತೆಗಾಗಿ ದುಡಿಯುವ ಬಗೆ

ಕಳೆದ ಚಳಿಗಾಲದಲ್ಲಿ ಮಂಡ್ಯದ ಹತ್ತಿರ ಒಂದೂರಿಗೆ ಜಾನಪದ ಕಾರ್ಯಕ್ರಮ ನೋಡಲು ಹೋಗಿದ್ದೆ. ಸ್ಟೇಜಿನ ಹಿಂದೆ, ಜನರೇಟರ್ ಪಕ್ಕದಲ್ಲಿ, ಒಣಹುಲ್ಲಿಗೆ ಬೆಂಕಿ ಹಾಕಿಕೊಂಡು ಏಳು ಜನ ಕೂತಿದ್ದರು. ತಮಟೆ ಕಾಯಿಸುತ್ತಿದ್ದರು. ಚಳಿಗೆ, ಇಬ್ಬನಿಗೆ ಚರ್ಮ ಸಡಿಲವಾಗುತ್ತದೆ. ಹಾಗೇ ಬಡಿದರೆ ಬರೀ ದೊಪ್ ದೊಪ್ ಅನ್ನುತ್ತದೆ. ಅದಕ್ಕೆ ಬೆಂಕಿಗೆ ತೋರಿಸುತ್ತಾರೆ, ತಿರುಗಿಸುತ್ತಾರೆ, ಅಂಗೈಯಲ್ಲಿ ಸವರುತ್ತಾರೆ. ಆಮೇಲೆ ಬೆರಳಲ್ಲಿ ಒಂದೇ ಒಂದು ಸಲ ತಟ್ಟಿ ಕಿವಿ ಕೊಡುತ್ತಾರೆ. ಇನ್ನೂ ಆಗಿಲ್ಲ ಅನ್ನಿಸಿದರೆ ಮತ್ತೆ ಬೆಂಕಿಗೆ. ಜಾಸ್ತಿ ಹೊತ್ತು ಹಿಡಿದರೆ ಚರ್ಮ ಬಿರಿದು ಹೋಗುತ್ತದೆ. ಗಡಿಯಾರ ನೋಡಿ ಮಾಡುವ ಕೆಲಸ ಇದಲ್ಲ.

ತಂಡದ ಹಿರಿಯರನ್ನು ಕೇಳಿದೆ, "ಯಜಮಾನ್ರೇ, ಇದನ್ನ ಯಾವಾಗ ಕಲಿತ್ರಿ?"

"ಕಲಿಯೋದೇನ್ ಬಂತಪ್ಪ. ನಮ್ಮಪ್ಪ ಸಾವಿಗೆ ಬಡಿಯಾಕೆ ಹೋಗೋನು, ನಾನೂ ಹಿಂದೆ ಹೋಗೋನು. ಬರಾಕಿಲ್ಲ ಅನ್ನಂಗಿರ್ನಿಲ್ಲ. ಈಗ ಫೋನ್ ಮಾಡಿ ಕೇಳ್ತಾರೆ. ಡೇಟ್ ಇಲ್ಲ ಸಾ ಅಂತೀನಿ."

ಆ ಮೂರು ಪದ ನನ್ನ ತಲೆಯಲ್ಲೇ ಉಳಿದುಕೊಂಡಿವೆ. ಕಲೆಯಿಂದ ಸಮಾನತೆ ಬರುತ್ತದೆ ಅನ್ನುವ ಮಾತನ್ನು ಎಷ್ಟೋ ಭಾಷಣಗಳಲ್ಲಿ ಕೇಳಿದ್ದೇವೆ. ಆದರೆ ಹೇಗೆ ಬರುತ್ತದೆ? ಒಂದು ಹಾಡು, ಒಂದು ಫೋಟೋ, ಒಂದು ಕಥೆ ಯಾರ ಬದುಕನ್ನು ಎಲ್ಲಿ ಮುಟ್ಟುತ್ತದೆ? ಅಮೆರಿಕದ ಕಪ್ಪು ಕಲಾವಿದರು ಒಂದೂವರೆ ಶತಮಾನದಿಂದ ಇದನ್ನು ಮಾಡಿ ತೋರಿಸುತ್ತಿದ್ದಾರೆ. ನಮ್ಮ ಮೈಸೂರು, ಮಂಡ್ಯ ಸೀಮೆಯಲ್ಲಿ ಅದಕ್ಕಿಂತ ಹಿಂದಿನಿಂದ ನಡೆದುಬಂದಿದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಹೊಳೆದದ್ದು ಇಷ್ಟು: ಅವಮಾನ ಯಾವ ವಸ್ತುವಿಗೆ ಅಂಟಿಕೊಂಡಿದೆಯೋ, ಕಲಾವಿದರು ಅದನ್ನೇ ಕೈಗೆತ್ತಿಕೊಳ್ಳುತ್ತಾರೆ. ಮುಖ, ಪೊರಕೆ, ಮಾತು, ಚರ್ಮವಾದ್ಯ, ಏನೇ ಇರಲಿ. ಅದು ಯಾರ ಕೈಯಲ್ಲಿದೆ, ಯಾರ ಮರ್ಜಿಯಲ್ಲಿದೆ ಅನ್ನುವುದನ್ನು ಬದಲಿಸುತ್ತಾರೆ.

ಬಣ್ಣ ಕಾಣುತ್ತದೆ, ಜಾತಿ ಕೇಳಿ ತಿಳಿಯಬೇಕು

ವರ್ಣಭೇದವನ್ನೂ ಜಾತಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಹುದಾ ಅಂತ ಕೆಲವರು ಕೇಳುತ್ತಾರೆ. ಎರಡೂ ಒಂದೇ ಅಲ್ಲ, ನಿಜ. ಆದರೆ ನಂಟು ಹಳೆಯದು. ಜೋತಿಬಾ ಫುಲೆ 1873ರಲ್ಲಿ ಶೂದ್ರ, ಅತಿಶೂದ್ರರ ಗುಲಾಮಗಿರಿಯ ಬಗ್ಗೆ ಬರೆದ ಪುಸ್ತಕವನ್ನು ಅರ್ಪಿಸಿದ್ದು ಕಪ್ಪು ಜನರ ಬಿಡುಗಡೆಗೆ ದುಡಿದ ಅಮೆರಿಕದವರಿಗೆ. 1946ರಲ್ಲಿ ಅಂಬೇಡ್ಕರ್ ಅವರು ಕಪ್ಪು ಚಿಂತಕ ಡಬ್ಲ್ಯೂ.ಇ.ಬಿ. ಡುಬಾಯ್ಸ್ ಅವರಿಗೆ ಪತ್ರ ಬರೆದರು. ಅಲ್ಲಿನ ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಅರ್ಜಿಯ ಪ್ರತಿ ಕಳಿಸಿಕೊಡಿ, ನಮ್ಮವರ ಸ್ಥಿತಿಯೂ ಹೀಗೇ ಇದೆ ಅಂತ. 1972ರಲ್ಲಿ ಮುಂಬೈಯ ಕವಿಗಳು, ಬರಹಗಾರರು ಸೇರಿ ದಲಿತ್ ಪ್ಯಾಂಥರ್ಸ್ ಕಟ್ಟಿದಾಗ ಹೆಸರನ್ನು ಅಮೆರಿಕದ ಕಪ್ಪು ಹೋರಾಟಗಾರರಾದ ಬ್ಲ್ಯಾಕ್ ಪ್ಯಾಂಥರ್‌ಗಳಿಂದಲೇ ತಗೊಂಡರು.

ವ್ಯತ್ಯಾಸ ಎಲ್ಲಿದೆ ಅಂದರೆ, ಬಣ್ಣ ದೂರದಿಂದಲೇ ಕಣ್ಣಿಗೆ ಬೀಳುತ್ತದೆ. ಜಾತಿ ಹಾಗೆ ಕಾಣುವುದಿಲ್ಲ. 'ಯಾವ ಊರು, ಯಾವ ಬೀದಿ, ಯಾರ ಮಗ' ಅಂತ ಕೇಳಿ ಕಂಡುಕೊಳ್ಳುತ್ತಾರೆ. ಮೈಸೂರಿನಲ್ಲಿ ಬಾಡಿಗೆ ಮನೆ ಹುಡುಕಿದವರಿಗೆ ಈ ಪ್ರಶ್ನೆಗಳ ಸಾಲು ಬಾಯಿಪಾಠ. ಊಟ, ಹೆಸರು, ಮಾತಿನ ಧಾಟಿ, ಮನೆಯಲ್ಲಿ ಗೋಡೆಗೆ ತೂಗುಹಾಕಿದ ವಾದ್ಯ, ಇವೆಲ್ಲ ಗುರುತಿನ ಚೀಟಿಗಳಾಗುತ್ತವೆ. ಅದಕ್ಕೇ ಅಮೆರಿಕದ ಕಪ್ಪು ಕಲಾವಿದರು ಮೊದಲು ಹಿಡಿದದ್ದು ಮುಖವನ್ನು. ನಮ್ಮವರು ಹಿಡಿದದ್ದು ಹೆಚ್ಚಾಗಿ ದನಿಯನ್ನು.

ಮುಖ

ಫ್ರೆಡರಿಕ್ ಡಗ್ಲಸ್ ಗುಲಾಮನಾಗಿ ಹುಟ್ಟಿ, ತಪ್ಪಿಸಿಕೊಂಡು, ದೊಡ್ಡ ಭಾಷಣಕಾರನಾದವರು. 19ನೇ ಶತಮಾನದ ಅಮೆರಿಕದಲ್ಲಿ ಅತಿ ಹೆಚ್ಚು ಫೋಟೋ ತೆಗೆಸಿಕೊಂಡ ವ್ಯಕ್ತಿ ಅವರೇ. ಸುಮಾರು 160 ಫೋಟೋ ಸಿಕ್ಕಿವೆ. ಆ ಕಾಲದ ಪತ್ರಿಕೆಗಳಲ್ಲಿ ಕಪ್ಪು ಮುಖವನ್ನು ದಪ್ಪ ತುಟಿ, ಹಲ್ಲುಕಿರಿತ ಹಾಕಿ ಗೇಲಿ ಮಾಡಿ ಬರೆಯುತ್ತಿದ್ದರು. ಡಗ್ಲಸ್ ಕ್ಯಾಮೆರಾ ಮುಂದೆ ಒಳ್ಳೆ ಕೋಟು ಹಾಕಿ, ನಗದೆ, ನೆಟ್ಟ ನೋಟದಲ್ಲಿ ಕೂರುತ್ತಿದ್ದರು. ಮತ್ತೆ ಮತ್ತೆ ಕೂತರು. ಸುಳ್ಳು ಚಿತ್ರ ಸಾವಿರ ಇದ್ದರೆ ನಿಜದ ಚಿತ್ರ ಒಂದು ಸಾಲದು, ಅಲ್ವಾ? ಅದೇ ಕಾಲದ ಸೊಜರ್ನರ್ ಟ್ರೂತ್ ಅನ್ನುವ ಹೆಣ್ಣುಮಗಳು, ಅವರೂ ಗುಲಾಮಳಾಗಿ ಹುಟ್ಟಿದವರು, ತಮ್ಮ ಫೋಟೋವನ್ನು ಸಣ್ಣ ಕಾರ್ಡಿನಲ್ಲಿ ಅಚ್ಚು ಹಾಕಿಸಿ ಮಾರಿದರು. ಕಾರ್ಡಿನ ಹಕ್ಕನ್ನು 1864ರಲ್ಲಿ ತಮ್ಮ ಹೆಸರಿಗೇ ನೋಂದಾಯಿಸಿಕೊಂಡರು. ಒಂದು ಕಾಲಕ್ಕೆ ಅವರ ದೇಹವನ್ನೇ ಬೇರೆಯವರು ಮಾರಿದ್ದರು. ಈಗ ತಮ್ಮ ಚಿತ್ರವನ್ನು ತಾವೇ ಮಾರಿ, ಬಂದ ದುಡ್ಡಿನಲ್ಲಿ ಬದುಕಿದರು, ಹೋರಾಟ ನಡೆಸಿದರು. ಕಲೆ ಮತ್ತು ಸಮಾನತೆ ಅಂದಾಗ ಈ ದುಡ್ಡಿನ ಮಾತನ್ನು ಬಿಡಬಾರದು. ಮುಂದೆ ಮತ್ತೆ ಬರುತ್ತೇನೆ.

ನಮ್ಮ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದವರು ನೆನಪಿಸಿಕೊಳ್ಳಿ. ರವಿವರ್ಮನ ದೇವತೆಗಳು, ಮಹಾರಾಜರು, ಹಲ್ದಂಕರ್ ಬರೆದ ದೀಪ ಹಿಡಿದ ಹೆಣ್ಣು. ಚೆಂದದ ಚಿತ್ರಗಳು, ನಾನೂ ಚಿಕ್ಕವನಿದ್ದಾಗ ಬಾಯಿಬಿಟ್ಟು ನೋಡಿದ್ದೇನೆ. ಆದರೆ ಆ ಗೋಡೆಗಳ ಮೇಲೆ ಅರಮನೆ ಕಟ್ಟಿದವರ ಮುಖ ಹುಡುಕಿ ನೋಡಿ. ಅಮೆರಿಕದ ಕೆಹಿಂಡೆ ವೈಲಿ ಅನ್ನುವ ಚಿತ್ರಕಾರ ಹಿಡಿದದ್ದು ಇದೇ ಎಳೆಯನ್ನು. ಬೀದಿಯಲ್ಲಿ ಸಿಕ್ಕ ಕಪ್ಪು ಹುಡುಗರನ್ನು ಕರೆತಂದು, ಅವರ ದಿನನಿತ್ಯದ ಬಟ್ಟೆಯಲ್ಲೇ, ಯುರೋಪಿನ ರಾಜರು ಕುದುರೆ ಮೇಲೆ ಕೂರುವ ಭಂಗಿಯಲ್ಲಿ ಆಳೆತ್ತರದ ಚಿತ್ರ ಬರೆದರು. 2018ರಲ್ಲಿ ವಾಷಿಂಗ್ಟನ್ನಿನ ರಾಷ್ಟ್ರೀಯ ಭಾವಚಿತ್ರ ಶಾಲೆಯಲ್ಲಿ ತೂಗುಹಾಕಿದ ಒಬಾಮ ಚಿತ್ರವೂ ಅವರದೇ.

ಪೊರಕೆ

1942ರಲ್ಲಿ ಗಾರ್ಡನ್ ಪಾರ್ಕ್ಸ್ ಅನ್ನುವ ಕಪ್ಪು ಛಾಯಾಗ್ರಾಹಕ ವಾಷಿಂಗ್ಟನ್ನಿನಲ್ಲಿ ಸರ್ಕಾರಿ ಕೆಲಸಕ್ಕೆ ಸೇರಿದರು. ಊರು ಸುತ್ತಿ ಬರಲು ಹೋದರೆ ಹೋಟೆಲಿನವರು ಒಳಗೆ ಬಿಡಲಿಲ್ಲ, ಸಿನಿಮಾದವರೂ ಬಿಡಲಿಲ್ಲ. ಸಿಟ್ಟಿನಲ್ಲಿ ಆಫೀಸಿಗೆ ವಾಪಸ್ ಬಂದರು. ಅದೇ ಕಟ್ಟಡ ಗುಡಿಸುತ್ತಿದ್ದ ಎಲಾ ವ್ಯಾಟ್ಸನ್ ಅನ್ನುವ ಹೆಂಗಸಿನ ಜೊತೆ ಕೂತು ಮಾತಾಡಿದರು. ಆಮೇಲೆ ಗೋಡೆಗೆ ತೂಗುಹಾಕಿದ್ದ ರಾಷ್ಟ್ರಧ್ವಜದ ಮುಂದೆ ಅವರನ್ನು ನಿಲ್ಲಿಸಿದರು. ಕೈಯಲ್ಲಿ ನೆಟ್ಟಗೆ ಹಿಡಿದ ಪೊರಕೆ, ಹಿಂದೆ ನೆಲ ಒರೆಸುವ ಕೋಲು. ಅವರು ನಗುತ್ತಿಲ್ಲ, ಅಳುತ್ತಲೂ ಇಲ್ಲ. ಸುಮ್ನೆ ನೋಡುತ್ತಿದ್ದಾರೆ.

ಆ ಫೋಟೋದಲ್ಲಿ ಒಂದು ಬೈಗುಳವಿಲ್ಲ, ಒಂದು ಘೋಷಣೆಯಿಲ್ಲ. ಧ್ವಜ ಮತ್ತು ಪೊರಕೆ, ಎರಡನ್ನು ಒಂದೇ ಚೌಕಟ್ಟಿನಲ್ಲಿ ತಂದದ್ದಷ್ಟೇ. ಧ್ವಜ ಹೇಳುವ ಸಮಾನತೆ ಪೊರಕೆ ಹಿಡಿದವರಿಗೆ ಸಿಕ್ಕಿದೆಯಾ ಅಂತ ನೋಡಿದವರೇ ಕೇಳಿಕೊಳ್ಳಬೇಕು. ಪಾರ್ಕ್ಸ್ ಒಂದೇ ಕ್ಲಿಕ್ಕಿಗೆ ಕೈತೊಳೆದುಕೊಳ್ಳಲಿಲ್ಲ ಅನ್ನುವುದು ನನಗೆ ಇನ್ನೂ ಮುಖ್ಯ. ಆ ತಾಯಿಯ ಮನೆಗೆ ಹೋದರು, ಮೊಮ್ಮಕ್ಕಳನ್ನು ಕಂಡರು, ಅವರ ಚರ್ಚಿಗೆ ಹೋದರು. ಎಷ್ಟೋ ದಿನ ಜೊತೆಗಿದ್ದು ಫೋಟೋ ತೆಗೆದರು. ಪೊರಕೆಯ ಹಿಂದೆ ಒಂದು ಸಂಸಾರವಿದೆ ಅಂತ ತೋರಿಸಿದರು.

ಮೈಸೂರಿನಲ್ಲಿ ಪೊರಕೆಗೆ ಇನ್ನೂ ಹಳೆಯ ಕಥೆಯಿದೆ. 1928ರಲ್ಲಿ, ಇನ್ನೂ ಯುವಕರಾಗಿದ್ದ ಕುವೆಂಪು 'ಜಲಗಾರ' ಅನ್ನುವ ಪುಟ್ಟ ನಾಟಕ ಬರೆದರು. ಬೀದಿ ಗುಡಿಸುವವನೇ ಅದರ ನಾಯಕ. ಊರೆಲ್ಲ ಶಿವಗುಡಿಗೆ ಹೋಗುತ್ತದೆ, ಅವನಿಗೆ ಅಲ್ಲಿ ಜಾಗವಿಲ್ಲ. ಕೊನೆಗೆ ಶಿವನೇ ಜಲಗಾರನ ವೇಷದಲ್ಲಿ ಬೀದಿಗೆ ಬಂದು ಅವನಿಗೆ ಕಾಣಿಸಿಕೊಳ್ಳುತ್ತಾನೆ. ತಾನು ಜಗದ ಜಲಗಾರ ಅನ್ನುತ್ತಾನೆ. ಸುಮಾರು ನೂರು ವರ್ಷದ ಹಿಂದೆ, ಗುಡಿಯೊಳಗೆ ಬಿಡದ ಕಾಲದಲ್ಲಿ, ದೇವರ ಕೈಗೇ ಪೊರಕೆ ಕೊಡುವುದಕ್ಕೆ ಎದೆಗಾರಿಕೆ ಬೇಕಿತ್ತು.

2016ರಲ್ಲಿ ಸ್ವಚ್ಛ ಸರ್ವೇಕ್ಷಣೆಯಲ್ಲಿ 73 ನಗರಗಳ ಪೈಕಿ ಮೈಸೂರು ಮೊದಲ ಸ್ಥಾನಕ್ಕೆ ಬಂತು. ನಮಗೆಲ್ಲ ಹೆಮ್ಮೆ ಆಯಿತು. ಆ ಹೆಮ್ಮೆಯನ್ನು ಬೆಳಗಿನ ಜಾವ ಗುಡಿಸಿ ಗುಡಿಸಿ ಕಟ್ಟಿದ ಪೌರಕಾರ್ಮಿಕರಲ್ಲಿ ಒಬ್ಬರ ಹೆಸರನ್ನಾದರೂ ನಮ್ಮ ಬೀದಿಯವರು ಹೇಳಬಲ್ಲರಾ? ನಾನೂ ಆಗ ಹೇಳಲಾರದೆ ಹೋದೆ. ಅವರು ವಾರಕ್ಕೆ ಆರು ದಿನ ನನ್ನ ಮನೆ ಮುಂದೆ ಗಂಟೆ ಬಾರಿಸುತ್ತಿದ್ದರು.

ಮಾತು

ಇಲ್ಲಿಂದ ಮುಂದಿನ ಕಥೆಗೆ ಮೈಸೂರೇ ಕಿಡಿ ಹೊತ್ತಿದ ಜಾಗ. 1973ರ ನವೆಂಬರಿನಲ್ಲಿ ಇಲ್ಲಿನ ಒಂದು ಸಭೆಯಲ್ಲಿ, ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಇದೆ ಅಂದರು. ಬೂಸಾ ಅಂದರೆ ದನಕ್ಕೆ ಹಾಕುವ ಹೊಟ್ಟು, ನಮ್ಮ ಕಡೆ ಯಾರಿಗೂ ಹೇಳಿಕೊಡಬೇಕಿಲ್ಲ. ರಾಜ್ಯದಲ್ಲಿ ಗಲಾಟೆ ಎದ್ದಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಬಸವಲಿಂಗಪ್ಪ ಮಂತ್ರಿ ಪದವಿ ಬಿಡಬೇಕಾಯಿತು. ತಲೆ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಹೊರಟ ಮಂತ್ರಿಯೂ ಇವರೇ.

ಅವರ ಮಾತಿನ ಒಳಗಿದ್ದ ಪ್ರಶ್ನೆ ಸರಳ. ಇಷ್ಟೊಂದು ಪುಸ್ತಕಗಳಲ್ಲಿ ನಮ್ಮ ಹಟ್ಟಿ, ಅಂದರೆ ದಲಿತರ ಕೇರಿ, ಎಲ್ಲಿದೆ? ಏಟು ತಿಂದ ಹುಡುಗರು ಅದೇ ಪ್ರಶ್ನೆ ಹಿಡಿದು ಒಟ್ಟಾದರು. ಕರ್ನಾಟಕದ ದಲಿತ ಚಳವಳಿಗೆ ಅಲ್ಲಿಂದ ಬಿಸಿ ಬಂತು. 1975ರಲ್ಲಿ ಸಿದ್ದಲಿಂಗಯ್ಯನವರ ಮೊದಲ ಕವನ ಸಂಕಲನ ಬಂತು, 'ಹೊಲೆಮಾದಿಗರ ಹಾಡು'. ಆ ಹೆಸರನ್ನು ಸ್ವಲ್ಪ ಹೊತ್ತು ನೋಡಿ. ಬೈಯಲು ಬಳಸುತ್ತಿದ್ದ ಪದಗಳನ್ನು ಕವಿ ತಾನೇ ಎತ್ತಿಕೊಂಡು ಪುಸ್ತಕದ ಮುಖಪುಟಕ್ಕೆ ತಂದರು. ಪಕ್ಕದಲ್ಲಿ 'ಹಾಡು' ಇಟ್ಟರು. ಇನ್ನು ಆ ಪದದಿಂದ ಬೈದವನಿಗೆ ಮೊದಲಿನಷ್ಟು ಧೈರ್ಯ ಉಳಿಯುವುದಿಲ್ಲ. ಅವರ ಹಾಡುಗಳನ್ನು ಅಕ್ಷರ ಬಾರದವರೂ ಮೆರವಣಿಗೆಯಲ್ಲಿ ಹಾಡಿದರು. ಇವತ್ತಿಗೂ ಹಾಡುತ್ತಾರೆ.

ನಂಜನಗೂಡು ತಾಲ್ಲೂಕಿನ ದೇವನೂರ ಮಹಾದೇವ ಇನ್ನೊಂದು ದಾರಿ ಹಿಡಿದರು. ಅವರ 'ಕುಸುಮಬಾಲೆ' ಓದಲು ಕೂತ ಎಷ್ಟೋ ಜನ ಅರ್ಥವೇ ಆಗುವುದಿಲ್ಲ ಅಂದರು. ಅದು ನಂಜನಗೂಡು ಸೀಮೆಯ ಆಡುಮಾತಿನಲ್ಲಿದೆ. ನಾವು ಚಿಕ್ಕಂದಿನಲ್ಲಿ ಶಾಲೆಯಲ್ಲಿ 'ಬತ್ತೀನಿ', 'ಹೊಯ್ತೀನಿ' ಅಂದರೆ ಮೇಷ್ಟ್ರು ಇಡೀ ಕ್ಲಾಸಿನ ಮುಂದೆ ಅಣಕಿಸುತ್ತಿದ್ದರು. ಅಂಥ ಮಾತಿನಲ್ಲೇ ಬರೆದ ಪುಸ್ತಕಕ್ಕೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ತಿದ್ದಿಕೊಳ್ಳಬೇಕಾದವರು ಯಾರು ಅನ್ನುವ ಪ್ರಶ್ನೆ ಒಂದೇ ಏಟಿಗೆ ತಿರುಗಿ ನಿಂತಿತು. ಹಟ್ಟಿಯ ಹುಡುಗ ಇಷ್ಟು ದಿನ ಪಟ್ಟಣದ ಕನ್ನಡ ಕಲಿಯಲು ಒದ್ದಾಡುತ್ತಿದ್ದ. ಈಗ ಪಟ್ಟಣದ ಓದುಗ ಹಟ್ಟಿಯ ಕನ್ನಡ ಕಲಿಯಬೇಕಾಯಿತು.

ಕುವೆಂಪು ಅವರ ಜಲಗಾರನನ್ನು ಎತ್ತಿಹಿಡಿಯಲು ಶಿವ ಬರಬೇಕಾಯಿತು. ಮಹಾದೇವರ 'ಒಡಲಾಳ'ದಲ್ಲಿ ಸಾಕವ್ವನಿಗಾಗಿ ಯಾವ ದೇವರೂ ಬರುವುದಿಲ್ಲ. ಅವಳು ಕಳೆದುಹೋದ ತನ್ನ ಕೋಳಿ ಹುಡುಕಿಕೊಂಡು ಬೀದಿಬೀದಿ ಅಲೆಯುತ್ತಾಳೆ. ಅವಳಿಗೆ ಯಾರ ಸರ್ಟಿಫಿಕೇಟೂ ಬೇಕಿಲ್ಲ. ಹೊರಗಿನಿಂದ ಪ್ರೀತಿಯಿಂದ ಬರೆಯುವುದಕ್ಕೂ ಒಳಗಿನಿಂದ ಬರೆಯುವುದಕ್ಕೂ ಇರುವ ಅಂತರ ನನಗೆ ಅರ್ಥವಾದದ್ದು ಈ ಎರಡನ್ನು ಒಟ್ಟಿಗೆ ಓದಿದಾಗ.

ಹಾಗಂತ ಇದೆಲ್ಲ 1970ರ ನಂತರ ಶುರುವಾದದ್ದೂ ಅಲ್ಲ. ಮಳವಳ್ಳಿ ಕಡೆಯವರಿಗೆ ಗೊತ್ತು, ಮಂಟೇಸ್ವಾಮಿ ಕಥೆ ಹಾಡಲು ಕೂತರೆ ರಾತ್ರಿ ಸಾಲದು. ನೀಲಗಾರರು ತಂಬೂರಿ ಮೀಟಿ ಹಾಡುತ್ತಾರೆ. ಬೇರೆ ಬೇರೆ ಜಾತಿಯವರು ದೀಕ್ಷೆ ತಗೊಂಡು ನೀಲಗಾರರಾಗುತ್ತಾರೆ, ಅವರಲ್ಲಿ ದಲಿತರು ಬಹಳ. ಆ ಕಾವ್ಯದಲ್ಲಿ ಮಂಟೇಸ್ವಾಮಿ ಕಲ್ಯಾಣಕ್ಕೆ ಬರುತ್ತಾನೆ. ಎಲ್ಲರೂ ಸಮಾನರು ಅಂತ ಸಾರಿದ ಕಲ್ಯಾಣ. ಇವನು ಬರುವುದು ಮೈ ನಾರುವ, ಕಂಡರೆ ಹೇಸಿಗೆಯಾಗುವ ರೂಪದಲ್ಲಿ. ಬಾಗಿಲಲ್ಲೇ ತಡೆಯುತ್ತಾರೆ. ಶರಣರು ಅನ್ನಿಸಿಕೊಂಡವರು ಮೂಗು ಮುಚ್ಚಿಕೊಳ್ಳುತ್ತಾರೆ. ಬಸವಣ್ಣ ಮಾತ್ರ ಪರೀಕ್ಷೆಯಲ್ಲಿ ನಿಲ್ಲುತ್ತಾನೆ. ಸಮಾನತೆ ಸಾರಿದ ಊರಿನ ಬಾಗಿಲಲ್ಲೂ ಯಾರನ್ನು ಹೊರಗೆ ನಿಲ್ಲಿಸುತ್ತೀರಿ ಅಂತ ಕೇಳುವ ಈ ಕಥೆಯನ್ನು ಅಕ್ಷರ ಸಿಗದ ಜನ ನೂರಾರು ವರ್ಷ ಬಾಯಲ್ಲೇ ಉಳಿಸಿಕೊಂಡು ಬಂದರು.

ಯಾರ ನೋವನ್ನು ಯಾರು ಹಾಡಬೇಕು

1939ರಲ್ಲಿ ನ್ಯೂಯಾರ್ಕಿನ ಒಂದು ಕ್ಲಬ್ಬಿನಲ್ಲಿ ಬಿಲ್ಲಿ ಹಾಲಿಡೇ ಅನ್ನುವ ಕಪ್ಪು ಹಾಡುಗಾರ್ತಿ ಒಂದು ಹಾಡು ಹಾಡತೊಡಗಿದರು. ಮರಕ್ಕೆ ನೇತುಹಾಕಿ ಕೊಂದ ಕಪ್ಪು ಜನರ ಹಾಡು. ಬರೆದವರು ಏಬಲ್ ಮೀರೊಪೋಲ್, ಒಬ್ಬ ಯಹೂದಿ ಶಾಲಾ ಮೇಷ್ಟ್ರು. ಅದು ಶುರುವಾಗುವ ಮುಂಚೆ ಸಪ್ಲೈಯರ್‌ಗಳು ಕೆಲಸ ನಿಲ್ಲಿಸಬೇಕಿತ್ತು. ದೀಪಗಳೆಲ್ಲ ಆರುತ್ತಿದ್ದವು, ಹಾಡುಗಾರ್ತಿಯ ಮುಖದ ಮೇಲೆ ಮಾತ್ರ ಬೆಳಕು. ಮುಗಿದ ಮೇಲೆ ಇನ್ನೊಂದು ಹಾಡಿಲ್ಲ. ಅವರ ದೊಡ್ಡ ರೆಕಾರ್ಡ್ ಕಂಪನಿ ಅದನ್ನು ಮುದ್ರಿಸಲು ಒಪ್ಪಲಿಲ್ಲ, ಚಿಕ್ಕ ಕಂಪನಿಯೊಂದು ಮುಂದೆ ಬಂತು. ಕುಡಿದು ಖುಷಿಪಡಲು ಬಂದ ಜನಕ್ಕೆ ಗ್ಲಾಸಿನ ಸದ್ದೂ ಇಲ್ಲದ ಮೂರು ನಿಮಿಷ ಅದು. ಹೊರಗಿನವನು ಬರೆದದ್ದಾದರೂ ಹಾಡಿದ ಬಾಯಿ, ಹಾಡುವ ರೀತಿ, ಎರಡೂ ಆ ಹಾಡುಗಾರ್ತಿಯದೇ ಆಗಿತ್ತು.

2017ರಲ್ಲಿ ಇದಕ್ಕೆ ಉಲ್ಟಾ ಆಯಿತು. ಎಮ್ಮೆಟ್ ಟಿಲ್ ಅನ್ನುವ 14 ವರ್ಷದ ಕಪ್ಪು ಹುಡುಗನನ್ನು 1955ರಲ್ಲಿ ಮಿಸ್ಸಿಸಿಪ್ಪಿಯಲ್ಲಿ ಬಿಳಿಯರು ಕೊಂದಿದ್ದರು. ನನ್ನ ಮಗನಿಗೆ ಏನು ಮಾಡಿದ್ದಾರೆ ಅಂತ ಲೋಕ ನೋಡಲಿ ಅಂತ ಅವನ ತಾಯಿ ಶವಪೆಟ್ಟಿಗೆಯನ್ನು ಮುಚ್ಚದೆ ಇಟ್ಟರು. ಆ ಫೋಟೋ ಒಂದು ದೊಡ್ಡ ಹೋರಾಟಕ್ಕೆ ಬೆಂಕಿ ಇಟ್ಟಿತು. ಅರವತ್ತು ವರ್ಷದ ಮೇಲೆ ಡಾನಾ ಶುಟ್ಜ್ ಅನ್ನುವ ಬಿಳಿ ಚಿತ್ರಕಾರ್ತಿ ಅದೇ ದೃಶ್ಯವನ್ನು ಬಣ್ಣದಲ್ಲಿ ಬರೆದು ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿಟ್ಟರು. ಪಾರ್ಕರ್ ಬ್ರೈಟ್ ಅನ್ನುವ ಕಪ್ಪು ಕಲಾವಿದ ಚಿತ್ರಕ್ಕೆ ಅಡ್ಡ ಹೋಗಿ ನಿಂತುಬಿಟ್ಟರು. ಚಿತ್ರವನ್ನು ನಾಶಮಾಡಬೇಕು ಅಂತಲೂ ಕೆಲವರು ವಾದಿಸಿದರು, ಅದು ನನಗೆ ಒಪ್ಪಿಗೆಯಿಲ್ಲ. ಆದರೆ ಅಡ್ಡ ನಿಂತವರ ಸಂಕಟ ಅರ್ಥವಾಗುತ್ತದೆ. ಆ ಶವಪೆಟ್ಟಿಗೆಯ ಮುಚ್ಚಳ ತೆರೆಯುವ ಹಕ್ಕು ತಾಯಿಗಿತ್ತು.

ಮತ್ತೆ ತಮಟೆಗೆ

ತಮಟೆಯ ವಿಷಯದಲ್ಲಿ ಜನ ತಪ್ಪು ತಿಳಿಯುವುದು ಒಂದಿದೆ. ದಲಿತ ಚಳವಳಿ ಹಳ್ಳಿಗಳಿಗೆ ಬಂದಾಗ ಎಷ್ಟೋ ಹಟ್ಟಿಗಳಲ್ಲಿ ತಮಟೆ ಕೆಳಗಿಟ್ಟರು. ಊರವರ ಸಾವಿಗೆ, ಹಬ್ಬಕ್ಕೆ ಇನ್ನು ಬಡಿಯುವುದಿಲ್ಲ, ಸತ್ತ ದನ ಎಳೆಯುವುದಿಲ್ಲ ಅಂದರು. ಹಲವು ಕಡೆ ಅದಕ್ಕೆ ಬಹಿಷ್ಕಾರ ಹಾಕಿಸಿಕೊಂಡರು, ಕೂಲಿ ಕಳೆದುಕೊಂಡರು. ಇವತ್ತು ಅದೇ ಮನೆಗಳ ಮಕ್ಕಳು ತಂಡ ಕಟ್ಟಿ ತಮಟೆ ಬಡಿಯುತ್ತಾರೆ. ಹೆಣ್ಣುಮಕ್ಕಳೂ ಬಡಿಯುತ್ತಾರೆ. 2023ರಲ್ಲಿ ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ ಪದ್ಮಶ್ರೀ ಬಂತು. ಹಾಗಾದರೆ ಅಪ್ಪಂದಿರು ಬಿಟ್ಟದ್ದು ತಪ್ಪಾ, ಮಕ್ಕಳು ಹಿಡಿದದ್ದು ತಪ್ಪಾ?

ಎರಡೂ ತಪ್ಪಲ್ಲ. ಬಿಟ್ಟದ್ದೂ ಹಿಡಿದದ್ದೂ ಒಂದೇ ಹೋರಾಟದ ಎರಡು ಹೆಜ್ಜೆ. ಬರುವುದಿಲ್ಲ ಅನ್ನುವ ಹಕ್ಕು ಇಲ್ಲದಾಗ ಬಡಿದರೆ ಅದು ಬಿಟ್ಟಿ ಚಾಕರಿ. ಆ ಹಕ್ಕು ಸಿಕ್ಕ ಮೇಲೆ ಬಡಿದರೆ ಕಲೆ. ಚರ್ಮ ಅದೇ, ಕಡ್ಡಿ ಅದೇ, ಪೆಟ್ಟೂ ಅದೇ. ಯಜಮಾನರ 'ಡೇಟ್ ಇಲ್ಲ ಸಾ' ಅನ್ನುವ ಮಾತಿಗೆ ಎರಡು ತಲೆಮಾರು ಬೆಲೆ ಕೊಟ್ಟಿವೆ.

ಇದರಲ್ಲಿ ದುಡ್ಡಿನ ಮಾತೂ ಸೇರಿದೆ. ಜಂಬೂ ಸವಾರಿಯಲ್ಲಿ ಅರಮನೆಯಿಂದ ಬನ್ನಿಮಂಟಪದವರೆಗೆ ಸುಮಾರು 5 ಕಿ.ಮೀ. ಬಡಿಯುತ್ತ, ಕುಣಿಯುತ್ತ ನಡೆಯುವವರನ್ನು ನಾವು ಟಿವಿಯಲ್ಲಿ ನೋಡಿ ಮೆಚ್ಚುತ್ತೇವೆ. ಅವರಿಗೆ ಸಂಭಾವನೆ ಎಷ್ಟು, ಯಾವಾಗ ಕೈ ಸೇರುತ್ತದೆ, ರಾತ್ರಿ ಎಲ್ಲಿ ಮಲಗುತ್ತಾರೆ, ಊಟ ಯಾರ ಸಾಲಿನಲ್ಲಿ? ಸೊಜರ್ನರ್ ಟ್ರೂತ್ ಕಾರ್ಡಿನ ಹಕ್ಕನ್ನು ತಮ್ಮ ಹೆಸರಿಗೆ ಬರೆಸಿಕೊಂಡ ಕಾರಣ ಇಲ್ಲಿ ಗೊತ್ತಾಗುತ್ತದೆ. ಚಪ್ಪಾಳೆ ಒಬ್ಬರಿಗೆ, ಚೆಕ್ಕು ಇನ್ನೊಬ್ಬರಿಗೆ ಹೋದರೆ ಕಲೆ ಬೆಳೆದಿರಬಹುದು, ಕಲಾವಿದನ ಮನೆ ಅಲ್ಲೇ ಇರುತ್ತದೆ.

ಆ ರಾತ್ರಿ ಕಾರ್ಯಕ್ರಮದ ಪೋಸ್ಟರಿನಲ್ಲಿ ಅತಿಥಿಗಳ ಹೆಸರು ಹನ್ನೊಂದಿದ್ದವು. ಎಲ್ಲರಿಗೂ ಫೋಟೋ, ಕೆಳಗೆ ಪದವಿ. ತಮಟೆಯವರಿಗೆ ಕೊನೆಯಲ್ಲಿ ಒಂದು ಸಾಲು, 'ಮತ್ತು ಜಾನಪದ ಕಲಾತಂಡ'. ಯಜಮಾನರು ತಮಟೆ ಹೆಗಲಿಗೆ ಹಾಕಿಕೊಂಡು ಎದ್ದರು. ಜೇಬಿನಿಂದ ಒಂದು ಚೀಟಿ ತೆಗೆದು ನಿರೂಪಣೆ ಮಾಡುತ್ತಿದ್ದ ಹುಡುಗನ ಕೈಗಿಟ್ಟರು. ಏಳು ಹೆಸರು ಬರೆದಿತ್ತು. "ಇದ ಓದ್ಬುಡಪ್ಪ, ಆಮೇಲೆ ಶುರು ಮಾಡ್ತೀವಿ" ಅಂದರು. ಹುಡುಗ ಆಯೋಜಕರ ಮುಖ ನೋಡಿದ. ಅವರು ಕೈಗಡಿಯಾರ ನೋಡಿಕೊಂಡರು. ಏಳು ಜನ ಸ್ಟೇಜಿನ ಮೇಲೆ ಕಡ್ಡಿ ಹಿಡಿದು ಸುಮ್ನೆ ನಿಂತಿದ್ದರು.

ಹುಡುಗ ಓದಿದ. ನಾಲ್ಕನೇ ಹೆಸರನ್ನು ತಪ್ಪಾಗಿ ಓದಿದ. ಸಾಲಿನ ಕೊನೆಯಲ್ಲಿದ್ದ ಹುಡುಗಿ ಮೈಕಿಲ್ಲದೆ, ಮೈದಾನದ ಹಿಂದಿನ ಸಾಲಿನವರೆಗೆ ಕೇಳುವ ಹಾಗೆ ತನ್ನ ಹೆಸರನ್ನು ಸರಿಮಾಡಿ ಹೇಳಿದಳು. ಅವನು ಇನ್ನೊಂದು ಸಲ ಓದಿದ. ಆಮೇಲೆ ಮೊದಲ ಪೆಟ್ಟು ಬಿತ್ತು.